ಪರದೆಯ ಮೇಲಿನ ಎರಡು ಕೆ.ಜಿ.

ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದಾಗ ನಾನು ಹೆಬ್ಬಾಳದ ಕಡೆಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ರೋಗಿಗಳ ವಿವರ ಕಂಪ್ಯೂಟರಿನಲ್ಲಿ ಸರಿಯಾಗಿ ಕೂತು, ಕೇಳಿದಾಗ ಸರಿಯಾಗಿ ಹೊರಬರುವಂತೆ ಮಾಡುವುದು ನನ್ನ ಕೆಲಸ. ರಕ್ತ ಕಂಡರೆ ತಲೆ ತಿರುಗುವ ನನಗೆ ಇದು ಬಲು ಕ್ಷೇಮದ ಕೆಲಸ ಅಂದುಕೊಂಡಿದ್ದೆ.

ದಿನ ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನ ಹೊರಗೆ ಒಂದು ಟಿ.ವಿ. ಪರದೆ. ಅದರಲ್ಲಿ ತಾಯಿಯ ಹೆಸರು, ಮಗುವಿನ ತೂಕ. ತಣಿಸಂದ್ರದ ಮುನಿಯಮ್ಮನವರ ಮೊಮ್ಮಗಳು ಒಳಗಿದ್ದಳು. ಒಂದು ದಿನ ಆಕೆ ಪರದೆಯ ಮುಂದೆ ನಿಂತು ಜಗಳ ತೆಗೆದರು.

“ಇಂಗೆ ದಿನಾ ಗ್ರಾಂ ಗ್ರಾಂ ಏರೋದನ್ನ ಕಂಡೋರೆಲ್ಲ ನೋಡಿದ್ರೆ ಮಗೀಗೆ ದೃಷ್ಟಿ ಆಗಲ್ವೇನಮ್ಮಾ?”

ಉಳಿದ ಅಜ್ಜಿಯರೂ ದನಿಗೂಡಿಸಿದರು. ಡಾಕ್ಟರು ನಗುತ್ತಾ ನನ್ನ ಕಡೆ ತಿರುಗಿ, “ರೌಂಡ್ ಫಿಗರ್ ಹಾಕ್ಬಿಡಿ ಮೇಡಂ” ಅಂದರು. ಡೇಟಾಬೇಸಿನಲ್ಲೇ ‘ರೌಂಡ್’ ಎಂಬ ಸಿದ್ಧ ಫಂಕ್ಷನ್ ಇದೆ. ದಶಮಾಂಶ ಬೇಡ ಎಂದರೆ ಅದು 1.48 ಅನ್ನು 1 ಮಾಡುತ್ತದೆ, 1.52 ಅನ್ನು 2. ಪರದೆಗೆ ಮಾತ್ರ ಎಂದು ಹೇಳಿ ಅಂಥದೊಂದು ಪಟ್ಟಿ ಮಾಡಿಕೊಟ್ಟೆ. ನಿಜವಾದ ತೂಕ ಡೇಟಾಬೇಸಿನ ಮೂಲ ಟೇಬಲ್ಲಿನಲ್ಲಿ ಹಾಗೇ ಇತ್ತು.

ಮರುವಾರ, ತೂಕಕ್ಕೆ ತಕ್ಕ ಡೋಸ್ ಲೆಕ್ಕ ಹಾಕಿ ಚೀಟಿ ಅಚ್ಚು ಹಾಕುವ ಹೊಸ ಸಾಫ್ಟ್‌ವೇರ್ ಬಂತು. ಪ್ರಿಂಟರ್ ನೋಡಲು ವಾರ್ಡಿಗೆ ಹೋದೆ. ಆ ದಿನ ಅಚ್ಚಾಗಿದ್ದದ್ದು ಒಂದೇ ಮಗುವಿನ ಚೀಟಿ, ಮುನಿಯಮ್ಮನವರ ಮೊಮ್ಮಗಳದು. ತೂಕ: 2 ಕೆ.ಜಿ. ಸಾಫ್ಟ್‌ವೇರ್ ಕಂಪನಿಯವರು ತೂಕವನ್ನು ಪರದೆಯ ಪಟ್ಟಿಯಿಂದ ಎತ್ತಿಕೊಂಡಿದ್ದರು. ಮೂಲ ಟೇಬಲ್ಲಿನಲ್ಲಿ ಆ ಮಗುವಿನ ನಿಜವಾದ ತೂಕವನ್ನು ಬೆಳಿಗ್ಗೆಯಷ್ಟೇ ನೋಡಿದ್ದೆ. ಸಿಸ್ಟರ್ ಶೋಭಾ ಸಿರಿಂಜ್ ಹಿಡಿದು ಹೊರಟಿದ್ದರು.

“ಸಿಸ್ಟರ್, ನಿಲ್ಲಿ! ಆ ಮಗು ಇರೋದೇ ಒಂದೂವರೆ ಕೆಜಿ!”

“ಬೆಳಿಗ್ಗೆ ಒಂದ್ ಡೋಸ್ ಕೊಟ್ಟಾಯ್ತಲ್ಲ ಮೇಡಂ...” ಆಕೆ ಸಿರಿಂಜ್ ಕೆಳಗಿಟ್ಟರು.

ಅದು ಹೆಚ್ಚಾದರೆ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡುವ ಔಷಧಿ. ಡಾಕ್ಟರು ಚೀಟಿಗಳನ್ನೆಲ್ಲ ನಿಲ್ಲಿಸಿ, ಮಗುವಿನ ರಕ್ತವನ್ನು ಲ್ಯಾಬಿಗೆ ಕಳಿಸಿ, ಮನೆಯವರನ್ನು ಕರೆದು ನಡೆದದ್ದನ್ನು ಹೇಳಿದರು. ನಾನು ಹೊರಗಿನ ಬೆಂಚಿನಲ್ಲಿ ಕುಸಿದೆ. ಅಷ್ಟು ಹೆದರಿಕೆ ನನ್ನ ಸ್ವಂತ ಹೆರಿಗೆಯಲ್ಲೂ ಆಗಿರಲಿಲ್ಲ. ಮುನಿಯಮ್ಮ ಬಂದು ಪಕ್ಕದಲ್ಲೇ ಕೂತರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

“ನಾನು ಬಾಯಿ ಮಾಡಿದ್ದಕ್ಕೇ ಇಂಗಾಯ್ತೇನಮ್ಮಾ?”

“ಇಲ್ಲ ಅಜ್ಜಿ. ನೋಡೋದಕ್ಕೆ ಅಂತ ಇದ್ದ ಲೆಕ್ಕ ಸೂಜಿಗೆ ಹೋಗ್ಬಾರ್ದಿತ್ತು.”

ನನ್ನ ವೃತ್ತಿ ಕಲಿಸಿದ ಪಾಠವೂ ಅಷ್ಟೇ. ಅಂಕಿಯನ್ನು ದುಂಡಗೆ ಮಾಡುವುದು ಕಣ್ಣಿಗೆ ಮಾತ್ರ, ಎಲ್ಲ ಲೆಕ್ಕ ಮುಗಿದ ಮೇಲೆ.

ಸಂಜೆ ಡಾಕ್ಟರು ರಿಪೋರ್ಟ್ ಹಿಡಿದು ಬಂದು, “ಅಪಾಯ ಇಲ್ಲ” ಅಂದರು. ನಾನು ಎಲ್ಲರೆದುರೇ ಅತ್ತುಬಿಟ್ಟೆ. ಮುನಿಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದರು, “ಈಗ ಸರಿಯಾಗಿ ಏಳು, ಮಗೀನ ತೂಕ ಎಷ್ಟು ಅಂತ?”

ಸುತ್ತ ಜನ ಇದ್ದರು. ನಾನು ಪಿಸುದನಿಯಲ್ಲಿ, “ಒಂದು ಕೆಜಿ ಐನೂರ ಇಪ್ಪತ್ತು ಗ್ರಾಂ” ಅಂದೆ.

“ಗಟ್ಟಿಯಾಗಿ ಏಳಮ್ಮಾ,” ಅಂದರು, “ಎಲ್ರಿಗೂ ಕೇಳ್ಲಿ.”