ಆಪಾ ಹೂಂ ಅನ್ನಲಿಲ್ಲ

ಎಂಬತ್ತರ ದಶಕದ ಮೊದಲ ವರ್ಷಗಳು. ಲಕ್ಷ್ಮೇಶ್ವರದಿಂದ ಗದಗಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಚರ್ಚಾ ಸ್ಪರ್ಧೆಯಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ, ಯಾವುದನ್ನೂ ನಂಬಬೇಕೆಂದಿರಲಿಲ್ಲ. ಒಮ್ಮೆ ಮಹಿಳೆಯರ ಸಮಾನ ಹಕ್ಕಿನ ವಿಷಯ ಬಂದಾಗ, ಹೆಣ್ಣಿನ ಒಪ್ಪಿಗೆ ಕೇಳದೆ ನಮ್ಮಲ್ಲಿ ನಿಕಾಹವೇ ಆಗುವುದಿಲ್ಲ ಎಂದು ಮೇಜು ಕುಟ್ಟಿ ಹೇಳಿ ಕಪ್ ಗೆದ್ದೆ. ಗೋಣಿಚೀಲದ ವ್ಯಾಪಾರಿಯಾಗಿದ್ದ ಅಬ್ಬಾ ಅದನ್ನು ಅಂಗಡಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು.

ಅದೇ ವರ್ಷ ನನ್ನ ಅಕ್ಕನಿಗೆ, ಆಪಾಗೆ, ಮುಂಡರಗಿಯಿಂದ ಸಂಬಂಧ ಬಂತು. ಅವಳ ಶಿಕ್ಷಕಿ ತರಬೇತಿ ಮುಗಿಯಲು ಇನ್ನೂ ಒಂದು ವರ್ಷವಿತ್ತು. ಹುಡುಗ ಕೆಟ್ಟವನೇನಲ್ಲ. ಆದರೆ ಅವನ ಮನೆಯವರಿಗೆ ಸೊಸೆ ಕಲಿಯುವುದೂ ಬೇಡ, ಕಲಿಸುವುದೂ ಬೇಡ.

"ನಿನಗ ಮಾತು ಬರ್ತಾವ. ಒಂದು ವರ್ಷ ತಡೀರಿ ಅಂತ ಅಬ್ಬಾಗ ನೀನ ಹೇಳ," ಎಂದಳು ಆಪಾ.

ಹೇಳಿದೆ. ಅಬ್ಬಾ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ, ನಕ್ಕರು.

"ವಕೀಲರಮ್ಮಾ, ನಿಕಾಹದ ದಿನ ಆಕೀನ್ನ ಕೇಳ್ತಾರಲ್ಲ? ಒಲ್ಲೆ ಅಂದ್ರ ಮುಗೀತು. ಮೈಕಿನ್ಯಾಗ ಹೇಳ್ದಾಕಿ ನೀನ. ಖರೆ ಹೌದಿಲ್ಲೋ?"

ಖರೆಯೇ.

ನಿಕಾಹದ ದಿನ ಗಂಡಸರು ಅಂಗಳದ ಪೆಂಡಾಲಿನಲ್ಲಿ, ನಾವು ಒಳಕೋಣೆಯಲ್ಲಿ. ಆಪಾ ಮುಖದ ಮೇಲೆ ಹೂವಿನ ಸೆಹರಾ ಇಳಿಬಿಟ್ಟು ತಲೆ ಬಗ್ಗಿಸಿ ಕುಳಿತಿದ್ದಳು. ಒಂದು ಪಕ್ಕ ಅಮ್ಮನ ತಂಗಿ ಖಾಲಾ, ಇನ್ನೊಂದು ಪಕ್ಕ ನಾನು. ಸೋದರಮಾವ ವಧುವಿನ ಒಪ್ಪಿಗೆ ಕೇಳಲು ಇಬ್ಬರು ಸಾಕ್ಷಿಗಳೊಂದಿಗೆ ಬಾಗಿಲ ಪರದೆಯಾಚೆ ಬಂದು ನಿಂತರು. ಹುಡುಗನ ಹೆಸರು, ಅವನ ತಂದೆಯ ಹೆಸರು, ಅವನು ವಧುವಿಗೆ ಕೊಡುವ ಮೆಹರ್ ಎಲ್ಲ ಹೇಳಿ, "ಕಬೂಲ್ ಐತೇನವಾ?" ಎಂದರು.

ಆಪಾ ಸುಮ್ಮನಿದ್ದಳು. ಖಾಲಾ ಅವಳ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು. ಸೆಹರಾ ಅಲುಗಿತು.

"ಹೂಂ ಅಂದ್ಲು, ಭಾಯಿಜಾನ್."

ನಾಚಿ ಸುಮ್ಮನಿದ್ದರೂ ಅದು ಒಪ್ಪಿಗೆಯೇ ಅನ್ನುತ್ತಾರೆ. ಇರಬಹುದು. ಆದರೆ ನಾಚಿಕೆ ಯಾವುದು, ಒಲ್ಲೆ ಅನ್ನುವುದು ಯಾವುದು ಎಂದು ಪರದೆಯಾಚೆ ನಿಂತವರಿಗೆ ಹೇಗೆ ಗೊತ್ತಾಗಬೇಕು?

"ಆಪಾ ಹೂಂ ಅನ್ನಲಿಲ್ಲ, ಮಾಮು," ಎಂದೆ. "ನಾ ಇಲ್ಲೇ ಬಾಜೂಕ ಕುಂತೀನಿ. ನನಗ ಕೇಳಿಸಿಲ್ಲ."

"ಬಾಯಿ ಮುಚ್ಚಲೇ! ಇದೂ ನಿನ್ನ ಕಾಲೇಜಂತ ತಿಳದಿ?" ಖಾಲಾ ತೊಡೆ ಚಿವುಟಿದರು. ಹಿಂದೆ ಕುಳಿತ ಒಬ್ಬಳು, "ಇಕಿಗೆ ಇನ್ನೊಂದು ಕಪ್ ಕೊಡ್ರಿ," ಎಂದು ಕಿಸಕ್ಕನೆ ನಕ್ಕಳು.

ಮಾಮು ನ್ಯಾಯದ ಮನುಷ್ಯ. "ಹುಡುಗಿ ಹೇಳೋದು ಬರೋಬ್ಬರಿ ಐತಿ. ಆಕಿ ಬಾಯಿಂದ ಕೇಳದ ನಾ ಹೋಗಂಗಿಲ್ಲ," ಎಂದರು.

ಮತ್ತೆ ಅದೇ ಹೆಸರು, ಅದೇ ಮೆಹರ್. ಅಂಗಳದಲ್ಲಿ ಮಾತು ನಿಂತಿತು. ಅಬ್ಬಾ ಬಾಗಿಲ ತನಕ ಬಂದದ್ದು ಕೆಮ್ಮಿನಿಂದ ತಿಳಿಯಿತು. ಅಮ್ಮ ಗೋಡೆ ನೋಡುತ್ತಿದ್ದಳು. ಹಿತ್ತಲಿನಿಂದ ಬಿರ್ಯಾನಿಯ ವಾಸನೆ ಬರುತ್ತಿತ್ತು. ನಾನು ವೇದಿಕೆಯಲ್ಲಿ ಹೊಗಳಿದ್ದ ಹಕ್ಕು, ಚೂರೂ ಕಡಿಮೆಯಿಲ್ಲದೆ, ಆಪಾನ ಎದುರಿಗೆ ಬಂದು ಕಾಯುತ್ತಿತ್ತು.

"ಹೂಂ," ಎಂದಳು ಆಪಾ. ಪರದೆಯಾಚೆಗೂ ಕೇಳಿಸಿತು.

ನನಗೆ ಏನೂ ಅನ್ನಿಸಲಿಲ್ಲ. ಖರ್ಜೂರ ಹಂಚಿದರು, ತಿಂದೆ.

ಆಪಾ ತರಬೇತಿಗೆ ಮರಳಿ ಹೋಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬಂದಾಗ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಳು. ನನಗೆ ತಡೆಯಲಾಗಲಿಲ್ಲ.

"ಮಾಮುನ ಕಡಿಂದ ನಾ ಎರಡನೇ ಸಲ ಕೇಳಿಸಿದ್ದ ನಿನ್ನ ಸಲುವಾಗಿ. ಒಲ್ಲೆ ಅನ್ನಾಕ ಏನಾಗಿತ್ತು?"

ಅವಳು ಮೊರದಿಂದ ಕಣ್ಣೆತ್ತಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೀ ಸುಮ್ಮನಿದ್ದಿದ್ರ, ಹೂಂ ಅಂದವ್ರು ಖಾಲಾ ಆಗಿರ್ತಿದ್ರು. ನಾ ಅಂದಿಲ್ಲ ಅನ್ನೋದು, ಅಷ್ಟಾದ್ರೂ, ನನ್ನ ಕಡೆ ಉಳೀತಿತ್ತು."

ನಾನು ಎರಡನೇ ಸಲ ಕೇಳಿಸಿದ್ದು ಸರಿ ಎಂದು ಇಂದಿಗೂ ವಾದಿಸಬಲ್ಲೆ, ಯಾವ ವೇದಿಕೆಯಲ್ಲಾದರೂ. ಆ ಮಧ್ಯಾಹ್ನ ಮಾತ್ರ ಅವಳ ಪಕ್ಕ ಕುಳಿತೆ. ಆಪಾ ಮೊರವನ್ನು ನನ್ನ ಕಡೆ ತಳ್ಳಿದಳು.

"ಕಲ್ಲು ಭಾಳ ಅದಾವ. ನೋಡಿ ಆರಿಸು."