ಹೊಳೆವ್ವಳ ಸಮಾಧಿ ಹುಡುಕಿದ ಆಂಟೆನಾ

ಬೀಳಗಿ ಕಡೆಯ ನಮ್ಮ ಪುನರ್ವಸತಿ ಕೇಂದ್ರದಲ್ಲಿ, ಕುರಿಗಾರ ಅಮಸಿದ್ದಪ್ಪನ ಮಗಳು ಮಾಯಾ ಏನು ಕೆಲಸ ಮಾಡುತ್ತಾಳೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಟಿವಿ ಛತ್ರಿ ರಿಪೇರಿ ಎಂದ ಪುಣ್ಯಾತ್ಮರೂ ಇದ್ದರು. ನಾನು ಪಕ್ಕದ ಮನೆಯವನು, ಅವಳನ್ನೇ ಕೇಳಿ ತಿಳಿದುಕೊಂಡೆ. ಹೈದರಾಬಾದಿನಲ್ಲಿ ಅವಳು ರಡಾರ್ ಉಪಗ್ರಹಕ್ಕೆ ಆಂಟೆನಾ ರೂಪಿಸುತ್ತಿದ್ದಳು. ಛತ್ರಿಯಂಥದ್ದಲ್ಲ, ರೊಟ್ಟಿಯಂತೆ ತೆಳುವಾದ ಹಲಗೆ, ಮೇಲೆ ತಾಮ್ರದ ಸಣ್ಣ ಸಣ್ಣ ಚೌಕಗಳು. ಅದರಿಂದ ಹೊರಟ ಅಲೆ ನೆಲಕ್ಕೆ ಬಡಿದು ಮರಳಿದರೆ ಚಿತ್ರ. ರಾಕೆಟ್ಟಿನಲ್ಲಿ ಜಾಗ ಕಡಿಮೆ, ಹಲಗೆ ಚಿಕ್ಕದು ಮಾಡಿದರೆ ನೋಟ ಮಬ್ಬು. ಈ ಎರಡರ ನಡುವೆ ಹುಡುಗಿಯ ಪ್ರಾಯವೆಲ್ಲ ಸವೆಯಿತು.

"ಮೋಡ ಇರ್ಲಿ, ಕತ್ತಲಿ ಇರ್ಲಿ, ನೆಲಾ ಕಾಣ್ತೈತಪ್ಪಾ" ಎಂದು ಒಮ್ಮೆ ಅಪ್ಪನಿಗೆ ಹೇಳಿದ್ದೇ ತಪ್ಪಾಯಿತು.

ಅವಳ ತಾಯಿ ಹೊಳೆವ್ವ ಹಳೇ ಊರಲ್ಲಿ ತೀರಿಕೊಂಡು ಅಲ್ಲೇ ಮಣ್ಣಾಗಿದ್ದಳು. ಆಲಮಟ್ಟಿಯ ಹಿನ್ನೀರು ಊರನ್ನು ನುಂಗಿದಾಗ ಜನ ಬೀರಪ್ಪ ದೇವರನ್ನು ಹೊತ್ತು ತಂದರು, ಸತ್ತವರನ್ನು ತರಲಾದೀತೇ? ಬೇಸಿಗೆಯಲ್ಲಿ ನೀರು ಇಳಿದಾಗ ಅಮಸಿದ್ದಪ್ಪ ಎಡೆಯ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ. ಹೂಳಿನಲ್ಲಿ ಸಮಾಧಿ ಯಾವುದು, ಹಿತ್ತಿಲು ಯಾವುದು, ಒಂದೂ ಗೊತ್ತಾಗದು. ಎಡೆಯನ್ನು ಸಮಾಧಿಯ ತಲೆಯ ಕಡೆಗೇ ಇಡಬೇಕು, ಎಲ್ಲೆಂದರಲ್ಲಿ ಇಟ್ಟರೆ ಬೇರೆಯವರ ಪಾಲಾಗುತ್ತದೆ ಎಂಬುದು ಅವನ ಹಟ. ದಿನವಿಡೀ ಅಲೆದು ಬುತ್ತಿಯನ್ನು ಹಾಗೇ ತರುತ್ತಿದ್ದ. ಮುಂದಿನ ವರ್ಷ ಮತ್ತೆ ಹೊರಡುತ್ತಿದ್ದ.

ಉಪಗ್ರಹ ಹಾರಿದ ವರ್ಷ ಊರಿಗೆ ಬಂದ ಮಾಯಾ ಅದು ತೆಗೆದ ಹಿನ್ನೀರಿನ ಚಿತ್ರದ ಸುರುಳಿಯನ್ನು ಅಂಗಳದಲ್ಲಿ ಬಿಚ್ಚಿ ಹಾಸಿದಳು. ನೆಲವೆಲ್ಲ ಬೂದಿಬಣ್ಣ, ನೀರಿದ್ದಲ್ಲಿ ಬರೀ ಕಪ್ಪು.

"ನಿಮ್ಮವ್ವ ಎಲ್ಲದಾಳವಾ ಇದರಾಗ?" ಎಂದ ಅಮಸಿದ್ದಪ್ಪ.

ಒಂದು ಸುಳ್ಳು ಹೇಳು ತಾಯಿ, ಎಲ್ಲಾದರೂ ಬೆರಳಿಡು ಎಂದು ಅಲ್ಲೇ ನಿಂತಿದ್ದ ನನ್ನ ಜೀವ ಒದ್ದಾಡಿತು. ಅವಳಿಗೆ ಆ ವಿದ್ಯೆ ಬರುತ್ತಿರಲಿಲ್ಲ.

"ಕಾಣಂಗಿಲ್ಲಪ್ಪಾ. ನೀರಿನ ಒಳಗ ಅದರ ಅಲಿ ಇಳಿಯಂಗಿಲ್ಲ. ನೀರ ಹೋದ ಮ್ಯಾಲೂ ಅಷ್ಟ. ಒಂದ ಸಮಾಧಿ ಅದಕ್ಕ ಭಾಳ ಸಣ್ಣದು."

ಅಮಸಿದ್ದಪ್ಪ ಚಿತ್ರವನ್ನು ಸುತ್ತಿ ಜೋಪಾನವಾಗಿ ಮಗಳ ಕೈಗೆ ಕೊಟ್ಟ. ನನಗೆ ಅದನ್ನು ನೋಡಲಾಗಲಿಲ್ಲ.

ಮುಂದಿನ ಬೇಸಿಗೆಗೆ ಹಿನ್ನೀರು ದೂರ ಸರಿದಿತ್ತು. ಮಾಯಾ ರಜೆ ಹಾಕಿ ಬಂದು, ತಾನೇ ಹೋಳಿಗೆ ಮಾಡಿ ಬುತ್ತಿ ಕಟ್ಟಿದಳು.

"ನಡಿಯಪ್ಪಾ, ಇಬ್ರೂ ಕೂಡಿ ಹುಡಕೂಣು."

ಅಮಸಿದ್ದಪ್ಪ ಕಂಬಳಿ ಬಿಟ್ಟು ಏಳಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಮ್ಯಾಲೆ ನಿಂತು ಜಗತ್ತೆಲ್ಲಾ ನೋಡೂ ನಿನ್ನ ಆಂಟೆನಾಕ್ಕ ಕಾಣಲಿಲ್ಲ" ಎಂದ. "ಈ ಮುದುಕನ ಕಣ್ಣಿಗೆ ಎಲ್ಲಿ ಕಂಡಾಳವಾ?"