ಕಿವಿಗೆ ಗೊತ್ತಿದ್ದ ಖಾರ

ನಮ್ಮ ಅತ್ತೆಗೆ ಕೊರೊನಾ ಬಂದಿದೆಯೆಂದು ಪತ್ತೆಯಾದದ್ದು ಉಪ್ಪಿಲ್ಲದ ಸಾರಿನಿಂದ. ಅದೂ ಮೂರು ದಿನ ತಡವಾಗಿ.

ಎರಡನೆಯ ಅಲೆಯ ಬೇಸಿಗೆ ಅದು. ಕೋಠಿ ಪೇಟೆಯ ಹಿಂದಿನ ಓಣಿಯ ಮನೆಯಲ್ಲಿ ಅತ್ತೆ, ನನ್ನ ಗಂಡ ಮತ್ತು ನಾನು. ಊರಿನ ಆ ತುದಿಯ ಮಾದಾಪುರದ ನನ್ನ ಆಫೀಸು ಆಗ ಮಲಗುವ ಕೋಣೆಗೇ ಬಂದು ಕೂತಿತ್ತು. ಮೊದಲು ಮೂಗು ಹೋದದ್ದು ನನ್ನದು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಸೋಪಿಗೆ ವಾಸನೆಯೇ ಇರಲಿಲ್ಲ. ಕಂಪನಿಯವರನ್ನು ಬೈದುಕೊಂಡು ಹೊಸ ಸೋಪು ಬಿಚ್ಚಿದೆ, ಅದೂ ಹಾಗೇ. ಟೆಸ್ಟಾಯಿತು, ನಾನು ಕೋಣೆಯೊಳಗೆ ಬಂದಿಯಾದೆ. ಅತ್ತೆ ಬಾಗಿಲ ಹೊರಗೆ ತಟ್ಟೆ ಇಟ್ಟು ಹೋಗುತ್ತಿದ್ದರು. ತಟ್ಟೆಯಲ್ಲಿ ಏನಿದ್ದರೂ ನಾಲಿಗೆಗೆ ಬಿಸಿ ಮತ್ತು ಮೆತ್ತಗೆ ಅಷ್ಟೇ ತಿಳಿಯುತ್ತಿತ್ತು.

ಇಲ್ಲಿ ಅತ್ತೆಯ ಅಡುಗೆಯ ಕ್ರಮ ಹೇಳಬೇಕು. ಅವರು ಒಲೆಯ ಮುಂದೆ ರುಚಿ ನೋಡುವವರಲ್ಲ. ದೇವರಿಗೆ ಎಡೆ ಹಿಡಿಯುವ ಮೊದಲು ಒಂದು ಹನಿ ನಾಲಿಗೆಗೆ ತಾಗಿದರೂ ಅದು ಎಂಜಲು. ಹಾಗಾಗಿ ಉಪ್ಪು, ಹುಳಿ, ಖಾರ ಎಲ್ಲವೂ ಮೂಗಿನ ಅಂದಾಜು. ಕುದಿಯುವ ಸಾರಿನ ಮೇಲೆ ಬಗ್ಗಿ, ಉಪ್ಪು ಬೇಡುತ್ತಿದೆ ನೋಡು ಎನ್ನುತ್ತಿದ್ದರು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಆದರೆ ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವರ ಉಪ್ಪು ಹೆಚ್ಚುಕಡಿಮೆಯಾದದ್ದಿಲ್ಲ.

ಆ ಮೂರು ದಿನ ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಮರೆತರೆ ಎಚ್ಚರಿಸಲು ಅತ್ತೆಗೆ ಮೂಗಿರಲಿಲ್ಲ, ಉಣ್ಣುವಾಗ ತಿಳಿಯಲು ಅವರಿಗೂ ನನಗೂ ನಾಲಿಗೆ ಇರಲಿಲ್ಲ. ಮನೆಯಲ್ಲಿ ನೆಟ್ಟಗಿದ್ದವನು ನನ್ನ ಗಂಡನೊಬ್ಬ. ಆ ಪುಣ್ಯಾತ್ಮ, ತನ್ನ ಬಿಪಿಗೆ ಹೆದರಿ ಅವ್ವ ಉಪ್ಪು ಬಿಟ್ಟಿದ್ದಾಳೆಂದು ತಿಳಿದು ತುಟಿಪಿಟಕ್ಕೆನ್ನದೆ ಮೂರು ದಿನ ಉಂಡ. ನಾಲ್ಕನೆಯ ದಿನ ತಡೆಯಲಾರದೆ, ಚೂರಾದರೂ ಹಾಕಬಾರದೇ ಎಂದು ಕೇಳಿದ. ಅತ್ತೆ ಒಳಗೆ ಹೋಗಿ ಹಿಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದು, ಮತ್ತೆ ಮುಚ್ಚಳ ಹಾಕಿ, ಮಗನಿಗೆ ದೂರ ನಿಲ್ಲಲು ಹೇಳಿದರಂತೆ.

ಓಣಿಯಲ್ಲಿ ಜನ ಸಿಲಿಂಡರಿಗಾಗಿ ಓಡಾಡುತ್ತಿದ್ದ ದಿನಗಳವು. ಅತ್ತೆಗೆ ಸಕ್ಕರೆ ಕಾಯಿಲೆ ಬೇರೆ. ನಾವು ಜೀವ ಕೈಯಲ್ಲಿ ಹಿಡಿದುಕೊಂಡು ಅವರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸುತ್ತಿದ್ದೆವು. ಎರಡು ದಿನ ಜ್ವರ ಬಂತು, ಹೋಯಿತು. ಉಸಿರು ಕೆಡಲಿಲ್ಲ. ನಾವು ಅಷ್ಟಕ್ಕೇ ಪಾರಾದೆವೆಂಬುದನ್ನು ನೆನೆದರೆ ಇವತ್ತಿಗೂ ಕೈ ತಾನಾಗಿ ಮುಗಿಯುತ್ತದೆ.

ನನ್ನ ಮೂಗು ಮೂರನೆಯ ವಾರದಲ್ಲಿ ಮರಳಿತು. ಆಫೀಸಿನ ಮೀಟಿಂಗಿನಲ್ಲಿದ್ದೆ. ಪಕ್ಕದ ಮನೆಯ ಬೆಳ್ಳುಳ್ಳಿ ಒಗ್ಗರಣೆ ಕಿಟಕಿಯಿಂದ ನೇರ ಒಳಗೆ ಬಂತು. ಕ್ಯಾಮೆರಾ ಆರಿಸಿ ಅತ್ತುಬಿಟ್ಟೆ. ಸಂಜೆಯವರೆಗೆ ಮನೆಯೆಲ್ಲ ಮೂಸುತ್ತ ತಿರುಗಿದೆ: ಇಸ್ತ್ರಿ ಸೀರೆ, ಕರ್ಪೂರ, ನನ್ನದೇ ಅಂಗೈ. ಇಷ್ಟೊಂದು ಜಗತ್ತು ಉಸಿರಿನ ಜೊತೆ ಪುಕ್ಕಟೆ ಬರುತ್ತಿತ್ತು, ನನಗೆ ಅದರ ಖಬರೇ ಇರಲಿಲ್ಲ.

ಅತ್ತೆಯ ಮೂಗು ಬರಲಿಲ್ಲ. ಮಳೆಗಾಲ ಮುಗಿಯಿತು, ದೀಪಾವಳಿ ಮುಗಿಯಿತು, ಸಂಕ್ರಾಂತಿಯೂ ಆಯಿತು. ಡಾಕ್ಟರು ಬರಬಹುದು ಎಂದರು, ಯಾವಾಗ ಎನ್ನಲಿಲ್ಲ. ಉಪ್ಪನ್ನು ಚಮಚದ ಅಳತೆಯಿಂದ ಹಾಕುವುದನ್ನು ಅವರು ಕಲಿತರು. ಕಲಿಯಲಾಗದ್ದು ಒಂದಿತ್ತು, ಮಸಾಲೆ ಖಾರ.

ನಾವು ಬಿಟ್ಟುಬಂದ ಕಲಬುರಗಿ ಕಡೆಯ ಮನೆಗಳಲ್ಲಿ ಪಲ್ಯಕ್ಕೂ ಸಾರಿಗೂ ಬೀಳುವುದು ಆ ಕೆಂಪು ಪುಡಿಯೇ. ಬೇಸಿಗೆಯಲ್ಲಿ ಒಮ್ಮೆ ಮಾಡಿದರೆ ವರ್ಷಕ್ಕಾಗಬೇಕು. ಪ್ರತಿಯೊಂದು ಸಾಮಾನನ್ನೂ ಬೇರೆ ಬೇರೆ ಹುರಿಯಬೇಕು, ಒಂದು ಕ್ಷಣ ಹೆಚ್ಚಾದರೆ ವರ್ಷವಿಡೀ ಕಹಿ. ಆ ಕ್ಷಣ ಹಿಡಿಯುವುದೇ ಅತ್ತೆಯ ದೊಡ್ಡಸ್ತಿಕೆ. ಅವರು ಇನ್ನೊಬ್ಬರ ಕೈಗೆ ಸೌಟು ಕೊಟ್ಟದ್ದನ್ನು ನಾನು ನೋಡಿರಲಿಲ್ಲ.

ಮರುವರ್ಷ ಬಿಸಿಲು ಏರಿದಾಗ ಇಬ್ಬರೂ ಬೇಗಂ ಬಜಾರಿಗೆ ಹೋದೆವು. ಅತ್ತೆ ಎಂದಿನಂತೆ ಚೀಲದೊಳಗೆ ಕೈ ಹಾಕಿ, ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದರು. ಅಂಗಡಿಯವನು ಹಳಬ. ಅಮ್ಮನ ಮೂಗು ಒಪ್ಪಿದ ಮಾಲನ್ನು ಬೇರೆ ಗಿರಾಕಿಗಳಿಗೂ ತೋರಿಸುವವನು. ಅವನು ಕಾಯುತ್ತ ನಿಂತ. ಅತ್ತೆ ಕೈಯನ್ನು ಬಹಳ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ಕಾಳನ್ನು ಚೀಲಕ್ಕೆ ಬಿಟ್ಟು, ಮತ್ತೆ ಬರುತ್ತೇವೆಂದು ಹಿಂದಿಯಲ್ಲಿ ಹೇಳಿ ಹೊರನಡೆದರು. ಆಟೋದಲ್ಲಿ, ನನ್ನ ಕಡೆ ನೋಡದೆ, ಇನ್ನು ಮೇಲೆ ಅಂಗಡಿಯ ಪ್ಯಾಕೆಟ್ಟೇ ತರೋಣ ಎಂದರು.

ನನಗೆ ಸಂಕಟವಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಖಾರ ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು. ಆದರೆ ಖಾರ ಮಾಡದ ಅತ್ತೆ ಪಡಸಾಲೆಯ ಮೂಲೆಯಲ್ಲಿ ದಿನದಿಂದ ದಿನಕ್ಕೆ ಕುಗ್ಗುತ್ತ ಹೋಗುವುದನ್ನು ನಾನು ನೋಡಬೇಕಾಗುತ್ತಿತ್ತು. ಎರಡು ದಿನ ರಜೆ ಹಾಕಿ, ಒಬ್ಬಳೇ ಹೋಗಿ ಎಲ್ಲ ಸಾಮಾನು ತಂದು, ಹೇಳದೆ ಕೇಳದೆ ಒಲೆ ಹಚ್ಚಿದೆ. ಅತ್ತೆ ಬೇಡವೆನ್ನಲಿಲ್ಲ. ಪಡಸಾಲೆಯಲ್ಲಿ ಅಡುಗೆಮನೆಗೆ ಬೆನ್ನು ಮಾಡಿ ಕೂತು ಬತ್ತಿ ಹೊಸೆಯತೊಡಗಿದರು.

ಸಣ್ಣ ಉರಿಯಲ್ಲಿ ಕೊತ್ತಂಬರಿ ಹಾಕಿ, ಬಾಣಲೆಯ ಮೇಲೆ ಮೂಗು ಬಗ್ಗಿಸಿ ನಿಂತೆ. ಹಸಿ ವಾಸನೆ ಇನ್ನೂ ಹೋಗಿರಲಿಲ್ಲ, ಪಡಸಾಲೆಯಿಂದ ದನಿ ಬಂತು.

"ಇಳಸು."

ಇನ್ನೂ ಆಗಿಲ್ಲ ಎಂದುಕೊಂಡು ಕೈಯಾಡಿಸುತ್ತಲೇ ಇದ್ದೆ. ಘಮ ಪೂರ್ತಿ ಎದ್ದಾಗ ಇಳಿಸಿದೆ. ಆದರೆ ಕಾದ ಬಾಣಲೆಯಲ್ಲಿ ಕಾಳು ತಾನೇ ಹುರಿಯುತ್ತ ಹೋಗಿ ಕಪ್ಪಗಾಯಿತು. ಅತ್ತೆ ತಿರುಗಿಯೂ ನೋಡದೆ, ಅದು ಹೋಯಿತು, ಬೇರೆ ಹಾಕು ಎಂದರು. ಎರಡನೆಯ ಸಲ ಅವರು ಇಳಸು ಎಂದ ಕೂಡಲೇ ತಟ್ಟೆಗೆ ಸುರಿದೆ. ಅರೆಕ್ಷಣ ಬಿಟ್ಟು ತಟ್ಟೆಯಿಂದ ಎದ್ದ ಘಮ, ಪ್ರತಿ ಬೇಸಿಗೆ ನಮ್ಮ ಓಣಿಯನ್ನು ತುಂಬುತ್ತಿದ್ದ ಅದೇ ಘಮ. ಜೀರಿಗೆಗೆ, ಮೆಂತ್ಯಕ್ಕೆ, ಸಾಸಿವೆಗೆ, ಪ್ರತಿ ಸಲವೂ ಬೆನ್ನು ತಿರುಗಿಸಿ ಕೂತಲ್ಲಿಂದಲೇ ಆ ಒಂದು ಮಾತು ಬಂತು, ಪ್ರತಿ ಸಲವೂ ಸರಿಯಾಗಿತ್ತು.

ತಡೆಯಲಾರದೆ ಪಡಸಾಲೆಗೆ ಬಂದೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅತ್ತೆ ಕೈಯಲ್ಲಿ ಅರ್ಧ ಹೊಸೆದ ಬತ್ತಿ ಹಿಡಿದುಕೊಂಡು ನನಗಿಂತ ಹೆಚ್ಚು ಬೆರಗಾಗಿ ಕೂತಿದ್ದರು.

"ನಂಗೂ ತಿಳಿವಲ್ದವ್ವ. ಕಾಳಿನ ಸಪ್ಪಳ ಬದಲಾತು, ಬಾಯಿಗೆ ಬಂತು, ಅಂದ್ನಿ. ಇಷ್ಟು ವರ್ಷ ಮೂಗಿನಾಗ ಹುರಿಯಾಕತ್ತೀನಿ ಅಂತ ಮಾಡಿದ್ನಿ ನಾ."

ಐವತ್ತು ಬೇಸಿಗೆ ಒಲೆಯ ಮುಂದೆ ಕೂತವರ ಕಿವಿ, ಯಾರಿಗೂ ಹೇಳದೆ, ಅವರಿಗೂ ಹೇಳದೆ ಎಲ್ಲವನ್ನೂ ಕಲಿತುಕೊಂಡಿತ್ತು. ಮನುಷ್ಯರ ಮೈಯೊಳಗೆ ಇನ್ನೂ ಏನೇನು ಹೀಗೆ ಸುಮ್ಮನೆ ಕಲಿತು ಕೂತಿದೆಯೋ ಎಂದು ನನಗೆ ಹೆದರಿಕೆಯಂಥ ಅಚ್ಚರಿಯಾಯಿತು. ಅತ್ತೆ ಬತ್ತಿ ಕೆಳಗಿಟ್ಟು ಎದ್ದು, ಸೆರಗು ಸಿಕ್ಕಿಸಿಕೊಂಡು ಒಲೆಯ ಬಳಿ ಬಂದರು.

ಕೊನೆಗೆ ಉಳಿದದ್ದು ಒಣ ಕೊಬ್ಬರಿ. ತುರಿದ ಕೊಬ್ಬರಿ ಸದ್ದು ಮಾಡುವುದಿಲ್ಲ. ಅತ್ತೆ ಬಾಣಲೆಗೆ ಕಿವಿ ಕೊಟ್ಟರು, ತಲೆಯಾಡಿಸಿದರು. ಕಣ್ಣಿಗೆ ಪೊರೆ, ಬಣ್ಣವೂ ಕಾಣದು. ಸೌಟನ್ನು ನನ್ನ ಕೈಗೆ ಕೊಟ್ಟು, ಇದು ನಿನ್ನದು ಎಂದರು. ವರ್ಷದ ಖಾರ ನನ್ನ ಮೂಗಿನ ತುದಿಯಲ್ಲಿತ್ತು. ಕೊಬ್ಬರಿಯ ಹಸಿ ಸಿಹಿ ಹೋಗಿ, ಎಣ್ಣೆಯ ವಾಸನೆ ಇನ್ನೇನು ಏಳಬೇಕು ಅನ್ನುವಾಗ ಇಳಿಸಿದೆ. ಅತ್ತೆ ಸರಿಯೆನ್ನಲಿಲ್ಲ, ತಪ್ಪೆನ್ನಲಿಲ್ಲ. ಅವರಿಗೆ ತಿಳಿಯುವಂತಿರಲಿಲ್ಲ.

ಮರುದಿನ ಗಿರಣಿಯಿಂದ ಬಂದ ಖಾರವನ್ನು ಮೊದಲು ದೇವರ ಮುಂದಿಟ್ಟು, ಆಮೇಲೆ ರೊಟ್ಟಿಗೆ ಎಣ್ಣೆಯ ಜೊತೆ ಹಚ್ಚಿ ಅತ್ತೆಗೆ ಕೊಟ್ಟೆ. ಒಂದು ತುತ್ತಿಗೆ ಅವರ ಕಣ್ಣಲ್ಲಿ ನೀರು ಬಂತು. ಉರಿ ತಿಳಿಯುತ್ತದೆ, ಉಳಿದದ್ದು ತಿಳಿಯುವುದಿಲ್ಲ ಎಂದರು. ನಾನೂ ಒಂದು ತುತ್ತು ತಿಂದೆ. ಎಲ್ಲ ಇತ್ತು, ಒಂದೂ ತಪ್ಪಿರಲಿಲ್ಲ. ನಿಮ್ಮ ಖಾರದ್ದೇ ವಾಸನೆ, ಥೇಟ್ ನಿಮ್ಮದೇ ಎಂದೆ.

ಅತ್ತೆ ಇನ್ನೊಂದು ತುತ್ತು ಮುರಿದುಕೊಂಡರು.

"ನನ್ನ ಖಾರದ ವಾಸನಿ ಹೆಂಗಿತ್ತು ಅನ್ನೂದು ನನಗಽ ನೆನಪಾಗವಲ್ದು," ಎಂದರು. "ನಿಂಗ ನೆನಪೈತಲ್ಲ, ಇರ್ಲಿ ಬಿಡು. ಎಲ್ಲೂ ಹೋಗಿಲ್ಲ ಅದು."